ದೋಣಿಯ ಚಿತ್ರ ಇದೆ, ದೀಪದ ಚಿತ್ರ ಇಲ್ಲ: ಲೈಟ್‌ಹೌಸ್ ಕಾಯ್ದ ಹೆಣ್ಣುಮಕ್ಕಳ ಕಥೆ

ಇವತ್ತು ಹೇಳೋದು ಸಮುದ್ರದ ಕಥೆ. ಆದರೆ ಶುರು ಮಾಡೋದು ಸಮುದ್ರದಿಂದ ದೂರ, ಮಲೆನಾಡಿನ ನಮ್ಮ ಅಜ್ಜಿ ಮನೆಯಿಂದ.

ನಾನು ಚಿಕ್ಕವನಿದ್ದಾಗ ಮಳೆಗಾಲದಲ್ಲಿ ಅಲ್ಲಿ ಕರೆಂಟು ಅನ್ನೋದು ನೆಂಟರ ಹಾಗೆ, ಬಂದರೆ ಬಂತು. ಹಾಗಾಗಿ ದಿನಾ ಸಂಜೆ ಐದು ಗಂಟೆಗೆ ಅಜ್ಜಿ ಜಗಲಿಯ ಮೂಲೆಯಲ್ಲಿ ನಾಲ್ಕು ಲಾಟೀನು ಇಟ್ಟುಕೊಂಡು ಕೂರುತ್ತಿದ್ದಳು. ಗಾಜು ಬಿಚ್ಚೋದು, ಒಲೆಯ ಬೂದಿ ಹಾಕಿ ಹಳೇ ಸೀರೆ ತುಂಡಿನಲ್ಲಿ ಮಸಿ ಒರೆಸೋದು, ಬತ್ತಿಯ ಕರಕಲು ತುದಿಯನ್ನು ಸಮವಾಗಿ ಕತ್ತರಿಸೋದು, ಚೆಲ್ಲದ ಹಾಗೆ ಸೀಮೆಎಣ್ಣೆ ತುಂಬೋದು. ಬತ್ತಿ ಓರೆಯಾಗಿ ಕತ್ತರಿಸಿದರೆ ಉರಿ ಒಂದು ಕಡೆ ಎದ್ದು ಅರ್ಧ ಗಂಟೆಯಲ್ಲಿ ಗಾಜು ಕಪ್ಪು. ಆ ಬೆಳಕಿನಲ್ಲಿ ಅಜ್ಜ ಪೇಪರ್ ಓದುತ್ತಿದ್ದರು, ನಾನು ಮಗ್ಗಿ ಬರೆಯುತ್ತಿದ್ದೆ. ಅದು ಒಂದು ಕೆಲಸ ಅಂತ ನಮ್ಮಿಬ್ಬರಿಗೂ ಯಾವತ್ತೂ ಅನ್ನಿಸಿರಲಿಲ್ಲ. ಸಂಜೆಯಾದರೆ ದೀಪ ಉರಿಯುತ್ತೆ, ಅಷ್ಟೇ.

ಇದು ನೆನಪಾಗಿದ್ದು ಲೈಟ್‌ಹೌಸ್‌ಗಳ ಬಗ್ಗೆ ಓದುವಾಗ. ಕಾಪು ಬೀಚಿಗೆ ಹೋದವರು ಬಂಡೆಯ ಮೇಲಿನ ಲೈಟ್‌ಹೌಸ್ ನೋಡಿರುತ್ತೀರಿ, ಫೋಟೋನೂ ತೆಗೆಸಿಕೊಂಡಿರುತ್ತೀರಿ. ದೂರದಿಂದ ನೋಡಿದರೆ ಅದು ಗಂಭೀರವಾದ ಗೋಪುರ. ಹಳೇ ಲೈಟ್‌ಹೌಸ್‌ಗಳ ಒಳಗೆ ನಡೆಯುತ್ತಿದ್ದ ಕೆಲಸ ಮಾತ್ರ, ನೂರೈವತ್ತು ವರ್ಷದ ಹಿಂದೆ, ಅಜ್ಜಿಯ ಲಾಟೀನಿನ ಕೆಲಸವೇ. ಅಳತೆ ದೊಡ್ಡದು, ಅಷ್ಟೇ. ಒಂದರ ಬದಲು ಹತ್ತಾರು ದೀಪ. ಮೊದಲು ತಿಮಿಂಗಿಲದ ಎಣ್ಣೆ, ಆಮೇಲೆ ಹಂದಿ ಕೊಬ್ಬಿನ ಎಣ್ಣೆ, ಕೊನೆಗೆ ಸೀಮೆಎಣ್ಣೆ. ಎಣ್ಣೆ ಡಬ್ಬ ಹೊತ್ತುಕೊಂಡು ಸುತ್ತುಮೆಟ್ಟಿಲು ಹತ್ತಬೇಕು, ರಾತ್ರಿ ಹಲವು ಸಲ ಎದ್ದು ಬತ್ತಿ ಕತ್ತರಿಸಬೇಕು, ಬೆಳಿಗ್ಗೆ ಮಸಿ ಒರೆಸಬೇಕು. 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ಕಂಡುಹಿಡಿದ ಗಾಜಿನ ಲೆನ್ಸ್ ಬಂದ ಮೇಲೆ ಬೆಳಕು ಬಹಳ ದೂರ ಹೋಯಿತು. ಜೊತೆಗೆ ಕೆಲಸವೂ ಹೆಚ್ಚಾಯಿತು. ಆ ಲೆನ್ಸಿಗೆ ಒಂದು ಗೀರೂ ಬೀಳಬಾರದು. ಅದಕ್ಕೇ ಬಟ್ಟೆಯ ಗುಂಡಿ ತಾಗದಿರಲಿ ಅಂತ ಲಿನನ್ ಏಪ್ರನ್ ಕಟ್ಟಿಕೊಂಡೇ ಅದನ್ನು ಒರೆಸಬೇಕು ಅನ್ನೋ ನಿಯಮ ಇತ್ತು.

ಈ ಕೆಲಸವನ್ನು ಯಾರು ಮಾಡುತ್ತಿದ್ದರು? ಕಾಗದದ ಮೇಲೆ, ಹೆಚ್ಚಾಗಿ ಗಂಡಸರು. ಸರ್ಕಾರ ಒಬ್ಬ ಗಂಡಸನ್ನು ಕಾವಲುಗಾರ ಅಂತ ನೇಮಿಸುತ್ತಿತ್ತು. ಆತ ಹೆಂಡತಿ ಮಕ್ಕಳ ಜೊತೆ ಅಲ್ಲೇ ಬಂದು ಇರುತ್ತಿದ್ದ. ಎಣ್ಣೆ ತರಲು, ದಿನಸಿ ತರಲು, ಮೀನು ಹಿಡಿಯಲು ಆತ ಹೋದಾಗ ದೀಪ ನೋಡಿಕೊಳ್ಳುತ್ತಿದ್ದವರು ಮನೆಯವರು. ಅಂದರೆ ಒಂದು ಸಂಬಳಕ್ಕೆ ಇಡೀ ಸಂಸಾರ ದುಡಿಯುತ್ತಿತ್ತು.

ಇವತ್ತು ನಾನು ಕೇಳಿಕೊಳ್ಳಬೇಕು ಅಂದುಕೊಂಡಿರೋ ಪ್ರಶ್ನೆ ಇಷ್ಟು: ಈ ಹೆಂಗಸರಲ್ಲಿ ಕೆಲವರ ಚಿತ್ರಗಳನ್ನು ದೊಡ್ಡ ದೊಡ್ಡ ಕಲಾವಿದರು ಬರೆದರು, ಪತ್ರಿಕೆಗಳು ಮುಖಪುಟದಲ್ಲಿ ಹಾಕಿದವು. ಆ ಚಿತ್ರಗಳು ಏನನ್ನು ಉಳಿಸಿದವು? ಏನನ್ನು ಬಿಟ್ಟವು?

ಮೊದಲ ಕಥೆ ಇಂಗ್ಲೆಂಡಿನದು. ಈಶಾನ್ಯ ಕರಾವಳಿಯಲ್ಲಿ ನಾರ್ತಂಬರ್‌ಲ್ಯಾಂಡ್ ಅಂತ ಪ್ರಾಂತ್ಯ. ಅದರ ಎದುರಿಗೆ ಫಾರ್ನ್ ದ್ವೀಪಗಳು. ದ್ವೀಪ ಅಂದರೆ ತೋಟ, ಮರ ಅಂದುಕೊಳ್ಳಬೇಡಿ, ಬರೀ ಬಂಡೆ. ಅಲ್ಲಿ 1826ರಲ್ಲಿ ಲಾಂಗ್‌ಸ್ಟೋನ್ ಲೈಟ್‌ಹೌಸ್ ಉರಿಯಲು ಶುರುವಾಯಿತು. ಕಾವಲುಗಾರ ವಿಲಿಯಂ ಡಾರ್ಲಿಂಗ್, ಹೆಂಡತಿ ಥಾಮಸಿನ್. ಮಗಳು ಗ್ರೇಸ್ ಆಗ ಹತ್ತು ವರ್ಷದವಳು. ಬೆಳೆದದ್ದೇ ಅಲ್ಲಿ.

1838, ಸೆಪ್ಟೆಂಬರ್ 7. ಹಿಂದಿನ ರಾತ್ರಿಯಿಂದ ಬಿರುಗಾಳಿ. ಹಲ್ ಬಂದರಿನಿಂದ ಡಂಡೀಗೆ ಹೊರಟಿದ್ದ ಫೋರ್ಫಾರ್‌ಶೈರ್ ಅನ್ನೋ ಉಗಿಹಡಗಿನ ಬಾಯ್ಲರ್ ಕೆಟ್ಟಿತ್ತು. ಗಾಳಿ ತಳ್ಳಿಕೊಂಡು ಬಂದು ಬಿಗ್ ಹಾರ್ಕರ್ ಅನ್ನೋ ಬಂಡೆಗೆ ಅದನ್ನು ಅಪ್ಪಳಿಸಿತು. ಹಡಗು ಎರಡು ತುಂಡು. ಬೆಳಗಿನ ಜಾವ ಕಿಟಕಿಯಿಂದ ಅದನ್ನು ಕಂಡವಳು ಗ್ರೇಸ್. ಬೆಳಕು ಹರಿದ ಮೇಲೆ ಬಂಡೆಯ ಮೇಲೆ ಜನ ಅಲುಗಾಡುವುದು ಕಾಣಿಸಿತು. ಅಣ್ಣತಮ್ಮಂದಿರಲ್ಲಿ ತಂದೆಗೆ ಕೈಜೋಡಿಸಬೇಕಾದವನು ಅವತ್ತು ಮೀನು ಹಿಡಿಯಲು ದಡದ ಕಡೆ ಹೋಗಿದ್ದ. ಉಳಿದವರು ಮೂವರೇ: ತಂದೆ, ತಾಯಿ, ಮಗಳು.

ತಾಯಿ ದೋಣಿ ನೀರಿಗಿಳಿಸಲು ಕೈಕೊಟ್ಟಳು. ತಂದೆ ಮಗಳು ಹುಟ್ಟು ಹಾಕಿದರು. ನೇರವಾಗಿ ಹೋಗಲು ಆಗುತ್ತಿರಲಿಲ್ಲ, ಬಂಡೆಗಳ ಮರೆಯಲ್ಲಿ ಸುತ್ತಿಕೊಂಡು ಹೋಗಬೇಕು. ಹತ್ತಿರ ಹತ್ತಿರ ಒಂದು ಮೈಲಿ. ತಲುಪಿದ ಮೇಲೆ ತಂದೆ ಬಂಡೆಗೆ ಹಾರಿದ. ಆಗ ದೋಣಿ ಬಂಡೆಗೆ ಬಡಿದು ಒಡೆಯದ ಹಾಗೆ ಗ್ರೇಸ್ ಒಬ್ಬಳೇ ಎರಡು ಹುಟ್ಟು ಹಿಡಿದು ಹಿಂದೆ ಮುಂದೆ ನಡೆಸುತ್ತಾ ಇದ್ದಳು. ನನಗೆ ಕೇಳಿದರೆ ಇಡೀ ಸಾಹಸದಲ್ಲಿ ಕಷ್ಟದ ಭಾಗ ಅದೇ. ಬಂಡೆಯ ಮೇಲೆ ಒಂಬತ್ತು ಜನ ಬದುಕಿದ್ದರು. ಅವರಲ್ಲಿ ಒಬ್ಬಳು ಸಾರಾ ಡಾಸನ್, ಅವಳ ಎರಡು ಮಕ್ಕಳೂ ಅಷ್ಟು ಹೊತ್ತಿಗೆ ತೀರಿಹೋಗಿದ್ದವು. ಮೊದಲ ಸಲ ಐದು ಜನರನ್ನು ಕರೆತಂದರು. ಆಮೇಲೆ ತಂದೆ, ಬದುಕಿ ಬಂದವರಲ್ಲಿ ಗಟ್ಟಿಯಿದ್ದವರನ್ನು ಕರೆದುಕೊಂಡು ಹೋಗಿ ಉಳಿದ ನಾಲ್ವರನ್ನು ತಂದ.

ಇಷ್ಟು ಎಲ್ಲರೂ ಹೇಳುವ ಕಥೆ. ಇದಕ್ಕೊಂದು ಬಾಲ ಇದೆ. ಗ್ರೇಸಳ ಅಣ್ಣತಮ್ಮಂದಿರಲ್ಲಿ ಒಬ್ಬ ಸೇರಿದಂತೆ ಏಳು ಜನ ದಡದಿಂದಲೂ ದೋಣಿ ತೆಗೆದುಕೊಂಡು ಅದೇ ಬಂಡೆಗೆ ಬಂದಿದ್ದರು. ಅವರು ತಲುಪುವ ಹೊತ್ತಿಗೆ ಅಲ್ಲಿ ಬದುಕಿದ್ದವರು ಯಾರೂ ಉಳಿದಿರಲಿಲ್ಲ. ವಾಪಸ್ ಹೋಗಲು ಸಮುದ್ರ ಬಿಡಲಿಲ್ಲ, ಅವರೂ ಲೈಟ್‌ಹೌಸಿಗೇ ಬಂದರು. ಲೆಕ್ಕ ಹಾಕಿ: ಮನೆಯವರು ಮೂರು, ಉಳಿದು ಬಂದವರು ಒಂಬತ್ತು, ಇವರು ಏಳು. ಒಂದು ಗೋಪುರದೊಳಗೆ ಹತ್ತೊಂಬತ್ತು ಜನ, ಒದ್ದೆ ಬಟ್ಟೆ, ಹೊರಗೆ ನಿಲ್ಲದ ಗಾಳಿ. ಇಷ್ಟು ಜನಕ್ಕೂ ದಿನಗಟ್ಟಲೆ ಬೇಯಿಸಿ ಹಾಕಬೇಕು, ಮಲಗೋಕೆ ಜಾಗ ಮಾಡಿಕೊಡಬೇಕು, ಮಕ್ಕಳನ್ನು ಕಳೆದುಕೊಂಡ ತಾಯಿಯ ಹತ್ತಿರ ಕೂರಬೇಕು. ರಾತ್ರಿಯಾದರೆ ದೀಪವನ್ನೂ ಹಚ್ಚಬೇಕು, ಯಾಕೆಂದರೆ ಬೇರೆ ಹಡಗುಗಳು ಬರುತ್ತಲೇ ಇರುತ್ತವೆ.

ವಿಲಿಯಂ ಡಾರ್ಲಿಂಗ್ ಲೈಟ್‌ಹೌಸಿನ ದಿನಚರಿ ಬರೆಯುತ್ತಿದ್ದ. ಈ ಘಟನೆಯ ಬಗ್ಗೆ ಅದರಲ್ಲಿರೋದು ಬಹಳ ಚುಟುಕು. ಒಂಬತ್ತು ಜನರನ್ನು ಡಾರ್ಲಿಂಗ್ ಮನೆಯವರು ಉಳಿಸಿದರು ಅನ್ನೋ ಅರ್ಥದ ಮಾತು. ಮಗಳ ಹೆಸರನ್ನು ಬೇರೆಯಾಗಿ ಎತ್ತಿಲ್ಲ. ತಂದೆಗೆ ಇದು ಮನೆಯವರೆಲ್ಲ ಸೇರಿ ಮಾಡಿದ ಕೆಲಸ.

ಪತ್ರಿಕೆಗಳಿಗೆ ಹಾಗನ್ನಿಸಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ, ಬಿರುಗಾಳಿ, ಸಣ್ಣ ದೋಣಿ. ಇಂಗ್ಲೆಂಡಿಗೆ ಹುಚ್ಚೇ ಹಿಡಿಯಿತು ಅನ್ನಬೇಕು. ಬೆಳ್ಳಿ ಪದಕ ಬಂತು. ವಿಕ್ಟೋರಿಯಾ ರಾಣಿ 50 ಪೌಂಡ್ ಕಳಿಸಿದಳು. ಜನ ಕಾಗದ ಬರೆದು ಆಕೆಯ ಕೂದಲಿನ ಎಳೆ ಕೇಳಿದರು, ಬಟ್ಟೆಯ ತುಂಡು ಕೇಳಿದರು. ಹನ್ನೆರಡಕ್ಕೂ ಹೆಚ್ಚು ಕಲಾವಿದರು ದೋಣಿ ಮಾಡಿಕೊಂಡು ಆ ಬಂಡೆಗೆ ಬಂದು ಆಕೆಯನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ಬರೆದರು. ಶಿಲ್ಪಿ ಡೇವಿಡ್ ಡನ್‌ಬಾರ್ ಆಕೆಯ ಎದೆಮಟ್ಟದ ಪ್ರತಿಮೆ ಮಾಡಿದ. ಥಾಮಸ್ ಮಸ್‌ಗ್ರೇವ್ ಜಾಯ್, ಹೆನ್ರಿ ಪರ್ಲೀ ಪಾರ್ಕರ್, ಜಾನ್ ವಿಲ್ಸನ್ ಕಾರ್ಮೈಕಲ್ ತೈಲಚಿತ್ರಗಳನ್ನು ಬರೆದರು. ಪಿಂಗಾಣಿ ಗೊಂಬೆ, ಅಗ್ಗದ ಮುದ್ರಿತ ಚಿತ್ರ, ಎಲ್ಲಾ ಬಂತು. ಮುಂದೆ ವರ್ಡ್ಸ್‌ವರ್ತ್ ಕೂಡ ಒಂದು ಕವಿತೆ ಬರೆದ.

ಇಷ್ಟು ಹೊತ್ತಿಗೆ ಗ್ರೇಸ್ ಇರಲಿಲ್ಲ. ನಾಲ್ಕೇ ವರ್ಷ ಕಳೆದು, 1842ರ ಅಕ್ಟೋಬರ್ 20ರಂದು ಕ್ಷಯ ಬಂದು ತೀರಿಕೊಂಡಳು. ವಯಸ್ಸು ಇಪ್ಪತ್ತಾರು.

ಆ ಕಾಲದ ಜನಪ್ರಿಯ ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಹೆಚ್ಚಿನವುಗಳಲ್ಲಿ ಅದೇ ಒಂದು ಗಳಿಗೆ: ಎದ್ದು ನಿಂತ ಅಲೆ, ಹಾರುವ ಕೂದಲು, ಆಕಾಶದ ಕಡೆ ಎತ್ತಿದ ಮುಖ. ಎಷ್ಟೋ ಚಿತ್ರಗಳಲ್ಲಿ ತಂದೆ ಹಿಂದಕ್ಕೆ ಸರಿದಿದ್ದಾನೆ. ತಾಯಿ ಇಲ್ಲವೇ ಇಲ್ಲ. ದಡದಿಂದ ಬಂದ ಏಳು ಜನರನ್ನು ಕೇಳುವವರೇ ಇಲ್ಲ. ಹನ್ನೆರಡು ವರ್ಷ ಆ ಗೋಪುರದಲ್ಲಿ ಗ್ರೇಸ್ ಮಾಡಿದ ಕೆಲಸ, ಆ ಬೆಳಗಿನ ಜಾವ ಆಕೆ ಕಿಟಕಿಯ ಹತ್ತಿರ ಎಚ್ಚರವಾಗಿ ಇರೋದಕ್ಕೆ ಕಾರಣವಾದ ಅದೇ ಕೆಲಸ, ಚಿತ್ರದೊಳಗೆ ಬರಲಿಲ್ಲ.

ಒಂದು ಉದಾಹರಣೆಯಿಂದ ಇದು ಇನ್ನೂ ಸ್ಪಷ್ಟ ಆಗುತ್ತೆ. ಅದೇ ನಾರ್ತಂಬರ್‌ಲ್ಯಾಂಡಿನಲ್ಲಿ ವಾಲಿಂಗ್‌ಟನ್ ಅನ್ನೋ ದೊಡ್ಡ ಬಂಗಲೆ ಇದೆ. ಅಲ್ಲಿಯ ಹಜಾರಕ್ಕೆ ವಿಲಿಯಂ ಬೆಲ್ ಸ್ಕಾಟ್ ಅನ್ನೋ ಕಲಾವಿದ 1850ರ ದಶಕದ ಕೊನೆಯಿಂದ ಆ ಪ್ರಾಂತ್ಯದ ಇತಿಹಾಸವನ್ನು ಎಂಟು ಚಿತ್ರಗಳಲ್ಲಿ ಬರೆದ. ಒಂದರಲ್ಲಿ ಗ್ರೇಸ್ ಡಾರ್ಲಿಂಗ್. ಕೊನೆಯದು 1861ರದ್ದು, ಕಬ್ಬಿಣ ಮತ್ತು ಕಲ್ಲಿದ್ದಲಿನ ಚಿತ್ರ. ಅದರಲ್ಲಿ ಟೈನ್ ನದಿಯ ದಡದ ಕಾರ್ಮಿಕರು ಸುತ್ತಿಗೆ ಎತ್ತಿ ಹೊಡೀತಾ ಇದ್ದಾರೆ. ಬೆವರು, ತೋಳು, ಯಂತ್ರ. ಗಂಡಸಿನ ದಿನನಿತ್ಯದ ದುಡಿಮೆ ಇತಿಹಾಸ ಅನ್ನಿಸಿಕೊಂಡಿದೆ, ಗೋಡೆಗೆ ಬಂದಿದೆ. ಆ ಚಿತ್ರದ ಮೂಲೆಯಲ್ಲೊಬ್ಬಳು ಪುಟ್ಟ ಹುಡುಗಿ. ಅಪ್ಪನಿಗೆ ಬುತ್ತಿ ತಂದು ಕೂತಿದ್ದಾಳೆ. ಗಂಡಸರು ಸುತ್ತಿಗೆ ಹಿಡಿದರೂ ಗೋಡೆಗೆ ಬರುತ್ತಾರೆ. ಹೆಂಗಸು ಅದೇ ಗೋಡೆಗೆ ಬರಬೇಕಾದರೆ ಬಿರುಗಾಳಿಯಲ್ಲಿ ಜೀವ ಪಣಕ್ಕಿಡಬೇಕು.

ಎಲ್ಲ ಕಲಾವಿದರೂ ಹಾಗೇ ಅನ್ನೋದು ತಪ್ಪಾಗುತ್ತೆ. ಅಮೆರಿಕದ ವಿನ್ಸ್ಲೋ ಹೋಮರ್ 1881ರಲ್ಲಿ ಇದೇ ಕರಾವಳಿಯ ದಕ್ಷಿಣಕ್ಕೆ, ಕಲ್ಲರ್‌ಕೋಟ್ಸ್ ಅನ್ನೋ ಮೀನುಗಾರರ ಊರಿಗೆ ಬಂದ. ಮುಂದಿನ ವರ್ಷದವರೆಗೂ ಅಲ್ಲಿದ್ದ. ಆಗ ಬರೆದ ಜಲವರ್ಣಗಳಲ್ಲಿ ಹೆಂಗಸರೇ ತುಂಬಿದ್ದಾರೆ. ಬಲೆ ಹೊಲೆಯುತ್ತಾ ಇರೋರು, ಬೆನ್ನ ಮೇಲೆ ಮೀನಿನ ಬುಟ್ಟಿ ಹೊತ್ತವರು, ಗಾಳಿಗೆ ಮೈಕೊಟ್ಟು ನಿಂತು ಸಮುದ್ರ ನೋಡ್ತಿರೋರು. ಗಟ್ಟಿ ಹೆಂಗಸರು, ದಿನದ ಕೆಲಸ. ಆದರೆ ಅಮೆರಿಕಕ್ಕೆ ಮರಳಿದ ಮೇಲೆ 1884ರಲ್ಲಿ ಹೋಮರ್ ಬರೆದು ಬಹಳ ಹೆಸರು ಪಡೆದ ಚಿತ್ರ 'ದಿ ಲೈಫ್ ಲೈನ್' ಬೇರೆ ಥರ. ಒಡೆದ ಹಡಗಿನಿಂದ ಹಗ್ಗದ ಮೇಲೆ ಒಬ್ಬ ರಕ್ಷಕ ಒಬ್ಬ ಹೆಂಗಸನ್ನು ಅಪ್ಪಿಹಿಡಿದು ದಾಟಿಸ್ತಾ ಇದ್ದಾನೆ. ಆಕೆಗೆ ಪ್ರಜ್ಞೆ ಇಲ್ಲ. ಚಿತ್ರವಾಗಿ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾರುಕಟ್ಟೆ ಮೆಚ್ಚಿಕೊಂಡ ಸಮುದ್ರದ ಹೆಣ್ಣು ಯಾರು ಅನ್ನೋದು ಅದರಿಂದ ಗೊತ್ತಾಗುತ್ತೆ. ಬುಟ್ಟಿ ಹೊತ್ತವಳಿಗಿಂತ, ಎತ್ತಿ ತರಬೇಕಾದವಳು.

ಆಗ ಅದೇ ಅಮೆರಿಕದಲ್ಲಿ ನಿಜವಾಗಿ ಏನು ನಡೀತಾ ಇತ್ತು ನೋಡೋಣ.

ರೋಡ್ ಐಲ್ಯಾಂಡ್ ರಾಜ್ಯದ ನ್ಯೂಪೋರ್ಟ್ ಬಂದರಿನಲ್ಲಿ ಲೈಮ್ ರಾಕ್ ಅನ್ನೋ ಬಂಡೆ. ಅಲ್ಲಿಯ ದೀಪದ ಕಾವಲುಗಾರ ಹೋಸಿಯಾ ಲೂಯಿಸ್‌ಗೆ ಮನೆ ಮಾಡಿದ ಕೆಲವೇ ತಿಂಗಳಲ್ಲಿ ಪಾರ್ಶ್ವವಾಯು ಹೊಡೆಯಿತು. ಹಿರಿ ಮಗಳು ಐಡಾ, 1842ರಲ್ಲಿ ಹುಟ್ಟಿದವಳು, ಇನ್ನೂ ಹದಿಹರೆಯ. ಅವತ್ತಿಂದ ದೀಪ ಅವಳದು ಮತ್ತು ತಾಯಿಯದು. ತಮ್ಮತಂಗಿಯರನ್ನು ಶಾಲೆಗೆ ದೋಣಿಯಲ್ಲಿ ಬಿಡೋದೂ ಅವಳೇ. 1858ರಲ್ಲಿ ಹದಿನಾರು ವರ್ಷಕ್ಕೆ, ಮಗುಚಿಕೊಂಡ ದೋಣಿಯಿಂದ ನಾಲ್ಕು ಹುಡುಗರನ್ನು ಎಳೆದು ಹಾಕಿದಳು. ಅದು ಯಾವ ಪೇಪರಿಗೂ ದೊಡ್ಡ ಸುದ್ದಿ ಆಗಲಿಲ್ಲ.

ಸುದ್ದಿಯಾಗಿದ್ದು 1869ರ ಮಾರ್ಚ್‌ನಲ್ಲಿ, ಹಿಮದ ಬಿರುಗಾಳಿಯಲ್ಲಿ ಇಬ್ಬರು ಸೈನಿಕರನ್ನು ಉಳಿಸಿದಾಗ. ಜುಲೈ 31ರ 'ಹಾರ್ಪರ್ಸ್ ವೀಕ್ಲಿ' ಮುಖಪುಟದಲ್ಲಿ ಅವಳ ಚಿತ್ರ. ಊರಿನವರು 'ರೆಸ್ಕ್ಯೂ' ಅಂತ ಹೆಸರಿಟ್ಟು ಹೊಸ ದೋಣಿ ಕೊಟ್ಟರು. ಅಧ್ಯಕ್ಷ ಗ್ರಾಂಟ್ ಭೇಟಿಯಾದರು. ಅವಳ ಹೆಸರಿನಲ್ಲಿ ನೃತ್ಯಸಂಗೀತ ಅಚ್ಚಾಯಿತು. ಸಾವಿರಾರು ಜನ ಬಂಡೆಗೆ ಬಂದು ನೋಡಿಕೊಂಡು ಹೋದರು. ಹೆಣ್ಣು ಹೀಗೆ ಹುಟ್ಟು ಹಾಕೋದು ಶೋಭೆಯೇ ಅಂತ ಪತ್ರಿಕೆಗಳಲ್ಲಿ ಚರ್ಚೆಯೂ ನಡೆಯಿತು.

ಇಷ್ಟೆಲ್ಲಾ ಆದಾಗ ಆ ದೀಪದ ಅಧಿಕೃತ ಕಾವಲುಗಾರ ಯಾರು ಗೊತ್ತಾ? ಗಾಲಿಕುರ್ಚಿಯಲ್ಲಿದ್ದ ತಂದೆ. ಅವರು ತೀರಿಕೊಂಡ ಮೇಲೆ ಹುದ್ದೆ ತಾಯಿ ಹೆಸರಿಗೆ ಹೋಯಿತು. ಐಡಾ ಹೆಸರಿಗೆ ಬಂದಿದ್ದು 1879ರಲ್ಲಿ, ವರ್ಷಕ್ಕೆ 750 ಡಾಲರ್ ಸಂಬಳ. ಇಪ್ಪತ್ತು ವರ್ಷ ದೀಪ ಹಚ್ಚಿದ ಮೇಲೆ, ಮುಖಪುಟಕ್ಕೆ ಬಂದು ಹತ್ತು ವರ್ಷದ ಮೇಲೆ! ದೇಶಕ್ಕೆ ಅವಳ ಮುಖ ಗೊತ್ತಿತ್ತು, ಸಂಬಳದ ಪುಸ್ತಕಕ್ಕೆ ಅವಳ ಹೆಸರು ಗೊತ್ತಿರಲಿಲ್ಲ. 1911ರಲ್ಲಿ ಸಾಯುವವರೆಗೂ ಅವಳು ಆ ದೀಪ ಬಿಡಲಿಲ್ಲ. ಉಳಿಸಿದವರ ಲೆಕ್ಕ ಅಧಿಕೃತವಾಗಿ 18. 1924ರಲ್ಲಿ ಆ ಬಂಡೆಗೇ ಐಡಾ ಲೂಯಿಸ್ ರಾಕ್ ಅಂತ ಹೆಸರಿಟ್ಟರು.

ಹಾಗಂತ ಹೆಂಗಸರಿಗೆ ಹುದ್ದೆ ಸಿಗುತ್ತಲೇ ಇರಲಿಲ್ಲ ಅಂತಲ್ಲ. 1776ರಲ್ಲಿ ಗಂಡ ಸ್ವಾತಂತ್ರ್ಯ ಯುದ್ಧಕ್ಕೆ ಹೋದಾಗ ಪ್ಲಿಮತ್ ಹತ್ತಿರದ ದೀಪ ನೋಡಿಕೊಂಡ ಹನ್ನಾ ಥಾಮಸ್‌ಳಿಂದ ಹಿಡಿದು 1947ರಲ್ಲಿ ನಿವೃತ್ತಳಾದ ಮೇರಿಲ್ಯಾಂಡಿನ ಫ್ಯಾನಿ ಸಾಲ್ಟರ್‌ವರೆಗೆ ನೂರಕ್ಕೂ ಹೆಚ್ಚು ಹೆಂಗಸರು ಅಮೆರಿಕದಲ್ಲಿ ಅಧಿಕೃತ ಕಾವಲುಗಾರರಾಗಿದ್ದರು. ಅಷ್ಟು ಹಿಂದೆ ಸರ್ಕಾರದ ಇಂಥ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಂಡರಲ್ಲ ಅಂತ ಆಶ್ಚರ್ಯ ಆಗಬಹುದು. ಕಾರಣ ಸರಳ. ಅವರಲ್ಲಿ ಬಹಳ ಮಂದಿ ಕಾವಲುಗಾರರ ವಿಧವೆಯರು ಅಥವಾ ಹೆಣ್ಣುಮಕ್ಕಳು. ಗಂಡನೋ ಅಪ್ಪನೋ ಸತ್ತ ರಾತ್ರಿಯೂ ದೀಪ ಉರಿಯಲೇಬೇಕು. ಕೆಲಸ ಗೊತ್ತಿರೋ ಮನುಷ್ಯ ಮನೆಯೊಳಗೇ ಇದ್ದಾಳೆ. ವರ್ಷಗಟ್ಟಲೆ ಸಂಬಳವಿಲ್ಲದೆ ಕಲಿತಿದ್ದಾಳೆ.

ಕೇಟ್ ವಾಕರ್ ಕಥೆ ಹಾಗೆಯೇ. ಜರ್ಮನಿಯಿಂದ ಮಗನ ಜೊತೆ ಬಂದ ವಿಧವೆ. ಇಂಗ್ಲಿಷ್ ಕಲಿಸಿಕೊಟ್ಟ ಜಾನ್ ವಾಕರ್ ಅನ್ನೋ ಲೈಟ್‌ಹೌಸ್ ನೌಕರನನ್ನೇ ಮದುವೆಯಾದಳು. ಆಮೇಲೆ ಆತನಿಗೆ ನ್ಯೂಯಾರ್ಕ್ ಬಂದರಿನ ನಡುನೀರಿನ ರಾಬಿನ್ಸ್ ರೀಫ್‌ಗೆ ವರ್ಗ. ಯಾವ ಕಿಟಕಿಯಿಂದ ನೋಡಿದರೂ ನೀರು. ನಾನಿಲ್ಲಿ ಇರೋಲ್ಲ ಅಂತ ಶುರುವಿನಲ್ಲಿ ಪೆಟ್ಟಿಗೆಗಳನ್ನೇ ಬಿಚ್ಚಲಿಲ್ಲವಂತೆ. ಒಂದೊಂದಾಗಿ ಬಿಚ್ಚುತ್ತಾ ಉಳಿದೇಬಿಟ್ಟಳು. 1890ರಲ್ಲಿ ಗಂಡ ನ್ಯುಮೋನಿಯಾದಿಂದ ಸತ್ತ. ದೀಪ ನೋಡಿಕೋ ಅಂತ ಹೇಳಿ ಹೋದನಂತೆ. ಹುದ್ದೆಯನ್ನು ಇಲಾಖೆ ಮೊದಲು ಗಂಡಸರಿಗೆ ಕೊಡಲು ನೋಡಿತು. ಆ ಒಂಟಿ ಜಾಗ ಬೇಡ ಅಂದರು ಅವರು. ಕೇಟ್‌ಗೆ ಹುದ್ದೆ ಕಾಯಂ ಆಗಲು ವರ್ಷಗಳೇ ಹಿಡಿದವು. ಎತ್ತರ ನಾಲ್ಕು ಅಡಿ ಹತ್ತು ಇಂಚು. 1919ರವರೆಗೂ ಆ ದೀಪ ಕಾಯ್ದಳು. ಮಂಜು ಕವಿದಾಗ ಕೆಳಗಿಳಿದು ಸೈರನ್ನಿನ ಎಂಜಿನ್ ಚಾಲೂ ಮಾಡಬೇಕು. ಅದು ಕೆಟ್ಟರೆ ಮೇಲೆ ಹತ್ತಿ ಸುತ್ತಿಗೆಯಿಂದ ಗಂಟೆ ಬಡಿಯಬೇಕು. ಸುಮಾರು 50 ಜನರನ್ನು ಉಳಿಸಿದಳು ಅಂತಾರೆ. ಕೆಲಸ ಅಂತ ಆಕೆ ಕರೆಯುತ್ತಿದ್ದುದು ದೀಪವನ್ನೇ. ಗಂಡನನ್ನು ಮಣ್ಣು ಮಾಡಿದ ಸ್ಟೇಟನ್ ಐಲ್ಯಾಂಡಿನ ಗುಡ್ಡ ಅಲ್ಲಿಂದ ಕಾಣುತ್ತಿತ್ತು, ದಿನಾ ಬೆಳಿಗ್ಗೆ ಆ ಕಡೆ ನೋಡುತ್ತಿದ್ದಳು. ಆಕೆಗೆ ಗ್ರೇಸ್‌ಗೆ ಬಂದ ಹಾಗೆ ಕಲಾವಿದರ ಸಾಲು ಬರಲಿಲ್ಲ.

ಇವತ್ತು ಇವರ ನೆನಪು ಹೇಗೆ ಉಳಿದಿದೆ? ಅಮೆರಿಕದ ಕೋಸ್ಟ್ ಗಾರ್ಡ್ 1990ರ ದಶಕದಲ್ಲಿ ಒಂದು ಹಡಗಿನ ವರ್ಗಕ್ಕೆ ಲೈಟ್‌ಹೌಸ್ ಕಾವಲುಗಾರರ ಹೆಸರಿಟ್ಟಿತು. ಮೊದಲನೆಯದೇ ಐಡಾ ಲೂಯಿಸ್. ಕ್ಯಾಥರೀನ್ ವಾಕರ್ ಹೆಸರಿನದೂ ಒಂದಿದೆ. ಇವು ಯುದ್ಧದ ಹಡಗುಗಳಲ್ಲ. ಬಂದರಿನ ದಾರಿ ತೋರಿಸುವ ತೇಲುಗುರುತುಗಳನ್ನು ತೊಳೆದು, ರಿಪೇರಿ ಮಾಡಿ, ಜಾಗದಲ್ಲಿ ಇಡುವ ಹಡಗುಗಳು. ನನಗೆ ಈ ಗೌರವ ಹಿಡಿಸಿತು. ಆ ಹೆಂಗಸರ ಕೆಲಸವನ್ನೇ ಅವು ಮಾಡ್ತಾ ಇವೆ.

ಇಂಗ್ಲೆಂಡಿನ ಬ್ಯಾಂಬರೋ ಊರಿನಲ್ಲಿ 1938ರಲ್ಲಿ, ಅಂದರೆ ಘಟನೆ ನಡೆದು ಸರಿಯಾಗಿ ನೂರು ವರ್ಷಕ್ಕೆ, ಗ್ರೇಸ್ ಡಾರ್ಲಿಂಗ್ ಮ್ಯೂಸಿಯಂ ಶುರುವಾಯಿತು. ಅವತ್ತು ತಂದೆ ಮಗಳು ನಡೆಸಿದ ಅದೇ ಮರದ ದೋಣಿ ಅಲ್ಲಿದೆ. ಲಾಂಗ್‌ಸ್ಟೋನ್ ದೀಪ 1990ರಲ್ಲಿ ಯಂತ್ರದ ಕೈಗೆ ಹೋಯಿತು. ಈಗ ಅಲ್ಲಿ ರಾತ್ರಿ ಏಳುವವರು ಯಾರೂ ಇಲ್ಲ.

ಈ ಸಂಚಿಕೆ ಬರೆಯುವಾಗ ನಮ್ಮ ಮನೆಯ ಹಳೇ ಆಲ್ಬಂ ತೆಗೆದೆ. ಅಜ್ಜಿಯದು ಒಟ್ಟು ಐದು ಫೋಟೋ ಸಿಕ್ಕಿತು. ಮೂರು ಮದುವೆಗಳಲ್ಲಿ, ಒಂದು ಗೃಹಪ್ರವೇಶದಲ್ಲಿ, ಒಂದು ಧರ್ಮಸ್ಥಳದಲ್ಲಿ. ಐದರಲ್ಲೂ ರೇಷ್ಮೆ ಸೀರೆ, ಐದರಲ್ಲೂ ಸುಮ್ಮನೆ ನಿಂತಿದ್ದಾಳೆ. ಲಾಟೀನು ಒರೆಸುವ ಫೋಟೋ ಒಂದೂ ಇಲ್ಲ. ಯಾರು ತೆಗೀತಾರೆ, ದಿನಾ ಮಾಡೋ ಕೆಲಸ. ಬ್ರಿಟನ್ನಿನ ಕಲಾವಿದರನ್ನು ಇಷ್ಟು ಹೊತ್ತು ದೂರಿದೆನಲ್ಲ, ನಾವೂ ಅದನ್ನೇ ಮಾಡಿದ್ದೇವೆ.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ, ಆ ಲಾಟೀನು ಒಂದಾದರೂ ಇದೆಯಾ ಅಂತ. "ಅಟ್ಟದ ಮೇಲೆ ಒಂದಿರಬೇಕು ಕಣೋ, ಗಾಜು ಒಡೆದಿದೆ" ಅಂದಳು. ಮುಂದಿನ ಸಲ ಊರಿಗೆ ಹೋದಾಗ ಇಳಿಸಬೇಕು.

ನಿಮ್ಮ ಮನೆಯಲ್ಲೂ ಇಂಥ ಕೆಲಸ ಮಾಡಿದವರು ಇದ್ದಾರೆ. ಇನ್ನೂ ಇದ್ದರೆ, ಹೇಗೆ ಮಾಡುತ್ತಿದ್ದರು ಅಂತ ಕೂತು ಕೇಳಿ, ಆದರೆ ರೆಕಾರ್ಡ್ ಮಾಡಿಕೊಳ್ಳಿ.